ಹತ್ತಿಯನ್ನು ಬಿಗಿಹಿಡಿದ ರಾಜ್ಯ

ಯುದ್ಧಕ್ಕೆ ಸೈನ್ಯವು ಎಷ್ಟು ಅವಶ್ಯಕವೋ ಬೊಕ್ಕಸವೂ ಅಷ್ಟೇ ಅವಶ್ಯಕವು. ಅದು ತುಂಬುವುದು ಪ್ರಜೆಗಳ ಕಂದಾಯದಿಂದ, ಸಾಲದಿಂದ, ಇಲ್ಲವೆ ರೇವುಗಳಲ್ಲಿ ಎತ್ತುವ ಸುಂಕದಿಂದ. 1861ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಂದ ಬೇರೆಯಾದ ದಕ್ಷಿಣ ರಾಜ್ಯಗಳು ಈ ಮೂರನೆಯ ದಾರಿಯನ್ನು ತಾವೇ ಮುಚ್ಚಿಕೊಂಡ ಬಗೆಯು ವಿಚಾರಾರ್ಹವಾದುದು.

ಆ ರಾಜ್ಯಗಳ ಐಶ್ವರ್ಯವು ಹತ್ತಿ; ಹತ್ತಿಗೆ ಆಧಾರವು ಗುಲಾಮರ ದುಡಿಮೆ. ಆ ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಅವು ಬೇರೆಯಾದುವು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿದ್ದಿತು. 1861ರ ಮಾರ್ಚಿಯಲ್ಲಿ ಉತ್ತರದವರು ಮಾರಿಲ್ ಕಾಯಿದೆಯಿಂದ ಆಮದಿನ ಸುಂಕವನ್ನು ಏರಿಸಿದರು. ಅದೇ ತಿಂಗಳಲ್ಲಿ ದಕ್ಷಿಣದವರು ತಮ್ಮ ರಾಜ್ಯಾಂಗದಲ್ಲಿ ಕೈಗಾರಿಕೆಗಳ ರಕ್ಷಣೆಗಾಗಿ ಸುಂಕ ಹಾಕುವುದನ್ನೇ ನಿಷೇಧಿಸಿದರು. 1½ ಕೋಟಿ ಡಾಲರುಗಳ ಸಾಲದ ಬಡ್ಡಿಗೆಂದು, ರಫ್ತಾಗುವ ಹತ್ತಿಯ ಪೌಂಡೊಂದಕ್ಕೆ ಸೆಂಟಿನ ಎಂಟನೆಯ ಒಂದು ಪಾಲನ್ನು ಸುಂಕವಾಗಿ ಗೊತ್ತುಮಾಡಿದರು.

ಆದರೆ ಸರಕು ಸಾಗದೆ ಸುಂಕವೆಲ್ಲಿಯದು? 1861ರ ಏಪ್ರಿಲ್ 19ರಂದು ಲಿಂಕನ್ನನು ದಕ್ಷಿಣದ ರೇವುಗಳಿಗೆ ಹಡಗಿನ ಮುತ್ತಿಗೆಯನ್ನು ಸಾರಿದನು. ಆಗ ಉತ್ತರದವರಲ್ಲಿದ್ದ ಯುದ್ಧನೌಕೆಗಳು ಕೆಲವೇ. ಕಾಯಬೇಕಾದ ಕರಾವಳಿಯೋ ಬಲು ನೀಳ. ಹತ್ತಿಯನ್ನು ಸಾಗಿಸುವುದಕ್ಕೆ ಅದೇ ತಕ್ಕ ಕಾಲವಾಗಿದ್ದಿತು. ಆದರೆ ಹತ್ತಿಯಿಲ್ಲದೆ ಕಂಗೆಟ್ಟ ಇಂಗ್ಲೆಂಡು ತಮ್ಮ ಪಕ್ಷವನ್ನು ವಹಿಸುವುದೆಂಬ ನಂಬಿಕೆಯಿಂದ, ಸರಕಾರದ ಶಾಸನವಿಲ್ಲದಿದ್ದರೂ, ತೋಟಗಾರರೂ ವರ್ತಕರೂ ಹತ್ತಿಯನ್ನು ತಡೆಹಿಡಿದರು. ಹಿಂದಿನ ವರ್ಷಗಳ ಸಮೃದ್ಧ ಬೆಳೆಯಿಂದ ಲಿವರ್‌ಪೂಲಿನ ಉಗ್ರಾಣಗಳು ತುಂಬಿದ್ದುದನ್ನು ಅವರು ಗಣನೆಗೆ ತರಲಿಲ್ಲ.

1862ರಲ್ಲಿ ಲ್ಯಾಂಕಾಶೈರಿನ ಗಿರಣಿಗಳು ನಿಂತು ಲಕ್ಷಾಂತರ ಕೂಲಿಕಾರರು ಹಸಿವಿಗೆ ಈಡಾದುದು ನಿಜ. ಆದರೂ ಇಂಗ್ಲೆಂಡು ಯುದ್ಧಕ್ಕೆ ಇಳಿಯಲಿಲ್ಲ. ಈಜಿಪ್ತದ ಕಡೆಗೂ ಹಿಂದೂಸ್ಥಾನದ ಕಡೆಗೂ ಕೈಚಾಚಿತು. ಧಾರವಾಡ ಪ್ರಾಂತದಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿಯನ್ನು ಬೆಳೆಯುತ್ತಿದ್ದರು. ಈಗ ಅದಕ್ಕೆ ಹಿಂದೆಂದೂ ಕಾಣದ ಗಿರಾಕಿ ಒದಗಿತು. ಎತ್ತಿನ ಬಂಡಿಗಳು ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಘಟ್ಟವಿಳಿದು ಕುಮಟೆಯ ರೇವಿಗೆ ಸಾಗಿದುವು. ಲಾಭದ ಆಶೆಯಿಂದ ಹತ್ತಿಯಲ್ಲಿ ಕಲಬೆರಕೆಯೂ ಹೆಚ್ಚಲು, ಅದನ್ನು ತಡೆಯುವುದಕ್ಕಾಗಿ 1863ರಲ್ಲಿ ಮುಂಬಯಿ ಸರಕಾರವು ಕಾಯಿದೆಯನ್ನೇ ಮಾಡಬೇಕಾಯಿತು.

ದಕ್ಷಿಣದವರು ಎಚ್ಚತ್ತುದು ತಡವಾಗಿ. 1863ರಲ್ಲಿ ಹತ್ತಿಯನ್ನು ಆಧಾರವಾಗಿಟ್ಟು ಪ್ಯಾರಿಸಿನ ಎರ್ಲಾಂಜೆ ಸಾಹುಕಾರರ ಮೂಲಕ 30 ಲಕ್ಷ ಪೌಂಡುಗಳ ಸಾಲವನ್ನೆತ್ತಿದರು. 1864ರ ಫೆಬ್ರವರಿಯಲ್ಲಿ ವಿಲಾಸವಸ್ತುಗಳ ಆಮದನ್ನು ನಿಷೇಧಿಸಿ, ಹತ್ತಿಯ ರಫ್ತನ್ನು ಸರಕಾರದ ಹತೋಟಿಗೆ ತಂದರು. ಹೊರಡುವ ಹಡಗುಗಳಲ್ಲಿ ಅರ್ಧ ಸ್ಥಳವು ಸರಕಾರದ ಸರಕಿಗೆ ಮೀಸಲಾಯಿತು. ವ್ಯವಸ್ಥೆಯು ಒಳ್ಳೆಯದೇ; ಆದರೆ ನ್ಯೂ ಆರ್ಲಿಯನ್ಸ್ ರೇವು 1862ರಲ್ಲಿಯೇ ಕೈಬಿಟ್ಟಿದ್ದಿತು, ಮುತ್ತಿಗೆಯು ಬಿಗಿಯಾಗಿದ್ದಿತು. 1865ರ ಜನವರಿಯಲ್ಲಿ ಫಿಷರ್ ಕೋಟೆಯು ಬೀಳಲು ವಿಲ್ಮಿಂಗ್ಟನ್ನಿನ ದಾರಿಯೂ ಮುಚ್ಚಿತು. ಏಪ್ರಿಲ್ ತಿಂಗಳಲ್ಲಿ ಸೇನಾಪತಿ ಲೀಯು ಶರಣಾಗತನಾದನು. ರಫ್ತಿನ ಸುಂಕದಿಂದ ಬೊಕ್ಕಸಕ್ಕೆ ಬಂದುದು ಹೆಸರಿಗೆ ಮಾತ್ರ.

ಯುದ್ಧವು ಮುಗಿಯುತ್ತಲೆ ಹತ್ತಿಯ ಬೆಲೆಯು ಕುಸಿದು ಮುಂಬಯಿಯ ಅನೇಕ ಸಾಹುಕಾರರು ದಿವಾಳಿಯಾದರು. ಅಲ್ಲಿಯವರು ಬೆಲೆಯನ್ನು ನಂಬಿ ಕೆಟ್ಟರು. ದಕ್ಷಿಣದವರು ತಮ್ಮ ಸರಕಿಲ್ಲದೆ ಲೋಕವೇ ನಡೆಯದೆಂದು ನಂಬಿ ಕೆಟ್ಟರು. ಕೊಳ್ಳುವವನು ಬೇರೆ ಅಂಗಡಿಯನ್ನು ಹುಡುಕಿಯಾನೆಂಬ ಅರಿವು ವರ್ತಕನಿಗೆ ಎಷ್ಟು ಅವಶ್ಯಕವೋ, ಯುದ್ಧಕ್ಕೆ ನಿಂತ ರಾಜ್ಯಕ್ಕೆ ಅದಕ್ಕಿಂತಲೂ ಅವಶ್ಯಕವು.