ಒಂದು ರಬ್ಬರ್ ಉಂಗುರದ ಚರಿತ್ರೆ

ನಿಮ್ಮ ಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಒಮ್ಮೆ ಮಗುಚಿ ನೋಡಿ. ಅದರ ಅಂಚಿನಲ್ಲಿ ರಬ್ಬರಿನ ಬಳೆಯೊಂದು ಕುಳಿತಿರುತ್ತದೆ. ಅದು ಹಳತಾಗಿ ಗಡುಸಾದರೆ ಕುಕ್ಕರ್ ಕೂಗುವುದಿಲ್ಲ. ಹಬೆಯೆಲ್ಲ ಪಕ್ಕದಿಂದ ಸೋರಿಹೋಗುತ್ತದೆ. ಏಕೆ? ಲೋಹದ ಎರಡು ಮುಖಗಳನ್ನು ಎಷ್ಟೇ ನಯಗೊಳಿಸಿದರೂ ಅವುಗಳಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗುಗಳು ಉಳಿದೇ ಇರುತ್ತವೆ. ಆ ಸಂದಿಯನ್ನು ತುಂಬಲು ಮೆತ್ತನೆಯ ವಸ್ತುವೊಂದು ಬೇಕು.

17ನೆಯ ಶತಮಾನದಲ್ಲಿ ಫ್ರಾನ್ಸಿನ ದೊರೆ 14ನೆಯ ಲೂಯಿ ವರ್ಸೇಲ್ಸ್ ಅರಮನೆಯ ಕಾರಂಜಿಗಳಿಗಾಗಿ ಎರಕದ ಕಬ್ಬಿಣದ ಕೊಳವೆಗಳನ್ನು ಹಾಕಿಸಿದ. ಕೊಳವೆಯ ತುದಿಯಲ್ಲಿ ತಟ್ಟೆಯಂತೆ ಹೊರಚಾಚಿದ ಅಂಚನ್ನು ಫ್ಲೇಂಜ್ ಎನ್ನುತ್ತಾರೆ. ಎರಡು ಫ್ಲೇಂಜ್‌ಗಳ ನಡುವೆ ತೊಗಲನ್ನೋ ಸೀಸವನ್ನೋ ಇಟ್ಟು ಬೋಲ್ಟ್ ಬಿಗಿಯುವುದು ಹಳೆಯ ಕ್ರಮ. ಇಲ್ಲಿ ಬಿಗಿಯುವ ಬಗೆಯೂ ಮುಖ್ಯ. ಒಂದೇ ಕಡೆಯಿಂದ ಸಾಲಾಗಿ ಬಿಗಿದರೆ ಫ್ಲೇಂಜ್ ಓರೆಯಾಗುತ್ತದೆ. ಆದ್ದರಿಂದ ಎದುರುಬದಿರಿನ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಸುತ್ತುಗಳಲ್ಲಿ ಬಿಗಿಯಬೇಕು.

ಹಬೆಯ ಯಂತ್ರಗಳು ಬಂದ ಮೇಲೆ ತೊಗಲು ಸಾಲದಾಯಿತು. ರಬ್ಬರಾದರೋ ಸೆಕೆಗೆ ಅಂಟಾಗುತ್ತಿತ್ತು, ಚಳಿಗೆ ಗಡುಸಾಗುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ, ಈ ದೋಷವನ್ನು ಬಹುಮಟ್ಟಿಗೆ ನೀಗಿಸುವ ದಾರಿ ಕಂಡುಕೊಂಡ.

ಮುಂದಿನ ಹೆಜ್ಜೆ ನೀಲ್ಸ್ ಕ್ರಿಸ್ಟೆನ್‌ಸೆನ್ ಎಂಬಾತನದು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಬಂದು ವಾಹನಗಳ ಬ್ರೇಕ್‌ಗಳ ಮೇಲೆ ದುಡಿದ ಈತ, ‘ಓ’ ಅಕ್ಷರದಂಥ ದುಂಡನೆಯ ಉಂಗುರಕ್ಕೆ 1937ರಲ್ಲಿ ಪೇಟೆಂಟ್ ಕೋರಿದ. 1939ರಲ್ಲಿ ಅದು ದೊರೆಯಿತು. ಆಗಲೇ ಆತ ಎಪ್ಪತ್ತು ದಾಟಿದ್ದ. ಉಂಗುರವನ್ನು ಅದಕ್ಕಿಂತ ತುಸು ಅಗಲವಾದ ತೋಡಿನಲ್ಲಿ ಕೂರಿಸುವುದೇ ಇದರ ಗುಟ್ಟು. ಒಳಗಿನ ಒತ್ತಡ ಉಂಗುರವನ್ನು ತೋಡಿನ ಒಂದು ಬದಿಗೆ ತಳ್ಳಿ, ಸಂದಿಗೆ ಅದುಮುತ್ತದೆ. ಸೋರಲು ಹೊರಟ ಒತ್ತಡವೇ ಸೋರಿಕೆಗೆ ಬೀಗ ಹಾಕುತ್ತದೆ! ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಈ ಉಂಗುರ ಅನಿವಾರ್ಯವಾಯಿತು.

ಆದರೆ ಒಂದು ಷರತ್ತುಂಟು: ಸಂದಿ ಹಿಗ್ಗಿದರೆ ಉಂಗುರವೂ ಕೂಡಲೇ ಹಿಗ್ಗಬೇಕು. ಚಳಿಯಲ್ಲಿ ರಬ್ಬರ್ ಮಂದವಾಗುತ್ತದೆ.

ಚಾಲೆಂಜರ್ ನೌಕೆಯ ಎರಡು ಘನ ಇಂಧನದ ರಾಕೆಟ್‌ಗಳನ್ನು ಹಲವು ಭಾಗಗಳಾಗಿ ಕಟ್ಟಿ ಜೋಡಿಸಿದ್ದರು. ಪ್ರತಿ ಜೋಡಣೆಯಲ್ಲಿ ಸುಮಾರು 7 ಮಿಲಿಮೀಟರ್ ದಪ್ಪದ ಎರಡು ಉಂಗುರಗಳು. 1986ರ ಜನವರಿ 27ರ ಸಂಜೆ, ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಸಂಸ್ಥೆಯ ಇಂಜಿನಿಯರುಗಳು, ಉಂಗುರದ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಹಾರಿಸಬೇಡಿ ಎಂದರು. ರೋಜರ್ ಬೋಯ್‌ಜೋಲಿ ಎಂಬ ಇಂಜಿನಿಯರು 1985ರ ಜುಲೈನಲ್ಲೇ ಬರೆದು ಎಚ್ಚರಿಸಿದ್ದರು. ಸಂಸ್ಥೆಯ ಮೇಲಧಿಕಾರಿಗಳು ಇಂಜಿನಿಯರುಗಳ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು.

ಮರುದಿನ ಉಡಾವಣೆಯ ಹೊತ್ತಿಗೆ ಉಷ್ಣತೆ ಸುಮಾರು 2 ಡಿಗ್ರಿ. ಬಲಗಡೆಯ ರಾಕೆಟ್ಟಿನ ಜೋಡಣೆಯೊಂದರಲ್ಲಿ ಬಿಸಿ ಅನಿಲ ಸೋರಿತು. ಹಾರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಯಿತು. ಏಳು ಜನ ಮಡಿದರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಶಾಲಾ ಶಿಕ್ಷಕಿ. ಬಾಹ್ಯಾಕಾಶದಿಂದ ಮಕ್ಕಳಿಗೆ ಪಾಠ ಹೇಳಲು ಹೊರಟಿದ್ದವರು.

ಫೆಬ್ರವರಿ 11ರ ಬಹಿರಂಗ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಸಣ್ಣ ಹಿಡಿಕೆಯಲ್ಲಿ ಅದುಮಿ ಮಂಜುಗಡ್ಡೆಯ ನೀರಿನಲ್ಲಿ ಅದ್ದಿದರು. ಹೊರತೆಗೆದು ಸಡಿಲಿಸಿದಾಗ ಅದು ಕೂಡಲೇ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಜೋಡಣೆಯ ವಿನ್ಯಾಸ ಬದಲಾಯಿತು. ಮೂರನೆಯ ಉಂಗುರವೂ, ಬೆಚ್ಚಗಿಡುವ ಹೀಟರುಗಳೂ ಬಂದವು. 1988ರ ಸೆಪ್ಟೆಂಬರಿನಲ್ಲಿ ಡಿಸ್ಕವರಿ ಮತ್ತೆ ಹಾರಿತು.

ಫೈನ್‌ಮನ್ ಮಾಡಿದ ಪ್ರಯೋಗಕ್ಕೆ ಬೇಕಾದದ್ದು ಒಂದು ಲೋಟ ನೀರು, ಸ್ವಲ್ಪ ಮಂಜುಗಡ್ಡೆ, ಒಂದು ತುಂಡು ರಬ್ಬರು. ಹಿಂದಿನ ಸಂಜೆ ಇಂಜಿನಿಯರುಗಳು ಹೇಳಿದ್ದೂ ಅದೇ ಸತ್ಯವನ್ನೇ. ವಿಜ್ಞಾನವನ್ನು ಕಲಿಯುವ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತಿಳಿದವರ ಮಾತಿಗೆ ಕಿವಿಗೊಡದಿದ್ದರೆ, ತಿಳಿವಳಿಕೆ ಇದ್ದೂ ಏನು ಪ್ರಯೋಜನ?