ಬೆಳ್ಳಿಲೇಪದ ಚಹಪಾತ್ರೆಗಳು

ಬೆಳ್ಳಿಯು ತುಕ್ಕು ಹಿಡಿಯುವ ಲೋಹವಲ್ಲ. ಆದರೂ ಅದು ಕಪ್ಪಾಗುತ್ತದೆ. ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ಚಹದ ಪಾತ್ರೆ, ಹಾಲಿನ ಗಿಂಡಿ, ಸಕ್ಕರೆಯ ಬಟ್ಟಲುಗಳು ವರ್ಷ ಕಳೆದು ಹೊರಬಂದಾಗ ಹೊಗೆ ಕವಿದಂತೆ ಕಾಣುತ್ತವೆ. ಕೂಡಲೇ ಹುಣಿಸೆಹಣ್ಣು, ಬೂದಿ, ತೆಂಗಿನ ನಾರುಗಳನ್ನು ತಂದು ಉಜ್ಜತೊಡಗುವುದು ಮನೆಮನೆಯ ವಾಡಿಕೆ. ದೇವರ ಮುಂದಿನ ಅಪ್ಪಟ ಬೆಳ್ಳಿಯ ಪಂಚಪಾತ್ರೆಗೆ ಇಂಥ ಉಪಚಾರವನ್ನು ಹಲವು ತಲೆಮಾರು ತಾಳಿಕೊಳ್ಳುವ ಶಕ್ತಿಯುಂಟು. ಲೇಪದ ಪಾತ್ರೆಗೆ ಅದಿಲ್ಲ. ಇದರ ಕಾರಣವು ಆ ಪಾತ್ರೆಗಳು ಹುಟ್ಟಿದ ಬಗೆಯಲ್ಲಿಯೇ ಅಡಗಿದೆ.

ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಥಾಮಸ್ ಬೋಲ್ಸೋವರ್ ಎಂಬ ಚೂರಿ ಕೆಲಸಗಾರನಿದ್ದನು. ೧೭೪೩ರ ಸುಮಾರಿಗೆ ಆತನು ಒಂದು ಚೂರಿಯ ಹಿಡಿಯನ್ನು ದುರಸ್ತಿ ಮಾಡುತ್ತಿದ್ದಾಗ ಕಾವು ಹೆಚ್ಚಾಗಿ, ತಾಮ್ರವೂ ಬೆಳ್ಳಿಯೂ ಒಂದಕ್ಕೊಂದು ಬೆಸೆದುಕೊಂಡುವೆಂದು ಹೇಳುತ್ತಾರೆ. ಹಾಗೆ ಬೆಸೆದ ಗಟ್ಟಿಯನ್ನು ಉರುಳೆಗಳ ನಡುವೆ ಒತ್ತಿದರೆ ಎರಡೂ ಒಂದೇ ಲೋಹದಂತೆ ತಗಡಾಗುತ್ತವೆಂಬುದನ್ನು ಅವನು ಕಂಡುಕೊಂಡನು. ಅವನು ಇದರಿಂದ ಗುಂಡಿಗಳನ್ನೂ ಸಣ್ಣ ಡಬ್ಬಿಗಳನ್ನೂ ಮಾಡಿದನು. ಜೋಸೆಫ್ ಹ್ಯಾನ್‌ಕಾಕನು ದೀಪಸ್ತಂಭಗಳು, ಚಹದ ಪಾತ್ರೆಗಳು ಮುಂತಾದ ದೊಡ್ಡ ಸಾಮಾನುಗಳಿಗೆ ಕೈಹಾಕಿದನು. ೧೭೮೪ರಲ್ಲಿ ಬ್ರಿಟಿಷ್ ಸರ್ಕಾರವು ಚಹದ ಮೇಲಿನ ಸುಂಕವನ್ನು ನೂರಕ್ಕೆ ೧೧೯ರಿಂದ ಹನ್ನೆರಡೂವರೆಗೆ ಇಳಿಸಿತು. ಅದುವರೆಗೆ ಸಿರಿವಂತರ ಪಾನೀಯವಾಗಿದ್ದ ಚಹವು ಮಧ್ಯಮ ವರ್ಗದವರಿಗೂ ಸುಲಭವಾಯಿತು. ಬೆಳ್ಳಿಯನ್ನು ಕೊಳ್ಳಲಾರದೆ, ಬೆಳ್ಳಿಯ ಮರ್ಯಾದೆಯನ್ನು ಮಾತ್ರ ಬಯಸುವ ಮನೆಗಳಿಗೆ ಈ ಪಾತ್ರೆಗಳು ತಕ್ಕವಾಗಿದ್ದುವು.

ಎರಡನೆಯ ಘಟ್ಟವು ವಿದ್ಯುತ್ತಿನದು. ೧೮೦೦ರಲ್ಲಿ ಇಟಲಿಯ ವೋಲ್ಟನು ವಿದ್ಯುತ್ಕೋಶವನ್ನು ಪ್ರಕಟಪಡಿಸಿದನು. ಐದು ವರ್ಷಗಳೊಳಗೆ ಅವನ ಸ್ನೇಹಿತ ಬ್ರುನ್ಯಾಟೆಲ್ಲಿಯು ಅದರ ಬಲದಿಂದ ಬೆಳ್ಳಿಯ ಪದಕಗಳ ಮೇಲೆ ಚಿನ್ನವನ್ನು ಕೂರಿಸಿದನು. ೧೮೪೦ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು ವಿದ್ಯುಲ್ಲೇಪನದ ಹಕ್ಕುಪತ್ರವನ್ನು ಪಡೆದರು. ಬೆಳ್ಳಿಯನ್ನು ಸಯನೈಡ್ ದ್ರವದಲ್ಲಿ ಕರಗಿಸಿದರೆ ಲೇಪವು ಗಟ್ಟಿಯಾಗಿ ಕೂರುವುದೆಂಬ ಗುಟ್ಟು ಅವರಿಗೆ ದೊರೆತದ್ದು ಜಾನ್ ರೈಟ್ ಎಂಬ ವೈದ್ಯನಿಂದ. ತಾಮ್ರ, ನಿಕ್ಕಲ್, ಸತುಗಳ ಮಿಶ್ರಣವಾದ ‘ಜರ್ಮನ್ ಬೆಳ್ಳಿ’ಯು ಲೇಪಕ್ಕೆ ಒಡಲಾಯಿತು. ಹೆಸರು ಬೆಳ್ಳಿಯಾದರೂ ಅದರಲ್ಲಿ ಬೆಳ್ಳಿಯ ಕಣವೂ ಇಲ್ಲ. ಪಾತ್ರೆಯ ತಳದಲ್ಲಿ ಕಾಣುವ ‘ಇ. ಪಿ. ಎನ್. ಎಸ್.’ ಎಂಬ ನಾಲ್ಕು ಅಕ್ಷರಗಳು ಸೂಚಿಸುವುದು ಇದನ್ನೇ. ಷೆಫೀಲ್ಡಿನ ಹಳೆಯ ಕಸಬು ಕೆಲವೇ ದಶಕಗಳಲ್ಲಿ ಕುಸಿಯಿತು.

ಹೊಸ ಪಾತ್ರೆಯ ಮೇಲಿನ ಬೆಳ್ಳಿಯು ಸಾಮಾನ್ಯವಾಗಿ ತಲೆಗೂದಲಿಗಿಂತಲೂ ತೆಳುವು. ಅದನ್ನು ಹೊಳೆಯಿಸುವ ಕೆಲಸವಾದರೋ ಸೇವಕರ ಪಾಲಿಗೆ ಬಂದಿತ್ತು. ಸೀಮೆಸುಣ್ಣದ ನುಣ್ಣನೆಯ ಪುಡಿ, ಕೆಂಪು ಕಬ್ಬಿಣದ ಭಸ್ಮ ಇವುಗಳಿಂದ ಉಜ್ಜುವುದು ಪದ್ಧತಿ. ೧೮೬೧ರಲ್ಲಿ ಪುಸ್ತಕರೂಪವಾಗಿ ಬಂದ ಶ್ರೀಮತಿ ಬೀಟನ್ನರ ಗೃಹಕೃತ್ಯದ ಗ್ರಂಥದಲ್ಲಿ ಹಾಲಿನೊಡನೆ ಜಿಂಕೆಕೊಂಬಿನ ಪುಡಿಯನ್ನು ಬೆರೆಸಿ, ಅದರಲ್ಲಿ ಹಳೆಯ ಬಟ್ಟೆಗಳನ್ನು ಕುದಿಸಿ ಒಣಗಿಸಿಟ್ಟುಕೊಳ್ಳುವ ವಿಧಾನವಿದೆ. ಪುಡಿ ಯಾವುದಾದರೇನು, ಉಜ್ಜಿದಷ್ಟೂ ಬೆಳ್ಳಿ ಸವೆಯುವುದು ನಿಶ್ಚಯ. ಶ್ರದ್ಧೆಯಿಂದ ದುಡಿದ ಕೈಗಳೇ ಅನೇಕ ಷೆಫೀಲ್ಡ್ ಪಾತ್ರೆಗಳ ಅಂಚಿನಲ್ಲಿ ತಾಮ್ರದ ಕೆಂಪನ್ನು ಹೊರಗೆಡಹಿದುವು.

ಹಾಗಾದರೆ ಆ ಕಪ್ಪು ಯಾವುದು? ಗಾಳಿಯಲ್ಲಿಯೂ, ಮೊಟ್ಟೆ, ಈರುಳ್ಳಿ, ಉಣ್ಣೆ, ಕಲ್ಲಿದ್ದಲ ಹೊಗೆಗಳಲ್ಲಿಯೂ ಇರುವ ಗಂಧಕವು ಬೆಳ್ಳಿಯೊಡನೆ ಕೂಡಿ ಆಗುವ ಸಂಯುಕ್ತವೇ ಅದು. ಆದುದರಿಂದ ಕಪ್ಪು ಕೊಳೆಯಲ್ಲ. ವೇಷ ಮರೆಸಿಕೊಂಡ ಬೆಳ್ಳಿ. ಅದನ್ನು ಉಜ್ಜಿ ತೆಗೆದರೆ ಬೆಳ್ಳಿಯನ್ನೇ ಚೆಲ್ಲಿದಂತೆ. ತಾಮ್ರ ಹಿತ್ತಾಳೆಗಳ ಕಿಲುಬನ್ನು ಕರಗಿಸುವ ಹುಣಿಸೆಯ ಹುಳಿಯು ಈ ಗಂಧಕದ ಕಪ್ಪನ್ನು ಕರಗಿಸಲಾರದು. ಲೇಪ ಹರಿದ ಕಡೆ ಒಳಗಿನ ತಾಮ್ರವನ್ನು ಕೊರೆಯಬಲ್ಲದು.

ಇದಕ್ಕೆ ಪರಿಹಾರವು ಮತ್ತೊಂದು ಲೋಹದಿಂದ ದೊರೆಯಿತು. ೧೮೮೬ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇವರಿಬ್ಬರೂ ಬೇರೆಬೇರೆಯಾಗಿ ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ತೆಗೆಯುವ ಮಾರ್ಗವನ್ನು ಕಂಡುಹಿಡಿದರು. ಮದರಾಸಿನ ಕಲಾಶಾಲೆಯಲ್ಲಿ ೧೮೯೮ರಲ್ಲಿ ಆ ಲೋಹದ ಪಾತ್ರೆಗಳ ತಯಾರಿಕೆಗೆ ಮೊದಲು ಮಾಡಿದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದವರೂ ಅವರೇ. ಅಲ್ಯೂಮಿನಿಯಮ್ಮಿಗೆ ಗಂಧಕವನ್ನು ಬೆಳ್ಳಿಯಿಂದ ಬಿಡಿಸುವ ಶಕ್ತಿಯುಂಟು. ಒಂದು ತೊಟ್ಟಿಯಲ್ಲಿ ಅಲ್ಯೂಮಿನಿಯಮ್ ಹಾಳೆಯನ್ನು ಹಾಸಿ, ಬೆಳ್ಳಿಯು ಅದಕ್ಕೆ ತಾಗುವಂತಿಟ್ಟು, ಲೀಟರಿಗೆ ಎರಡು ಮೂರು ದೊಡ್ಡ ಚಮಚ ಅಡಿಗೆಯ ಸೋಡವನ್ನು ಕಲಸಿದ ಬಿಸಿನೀರನ್ನು ಸುರಿಯಬೇಕು. ಕೊಳೆತ ಮೊಟ್ಟೆಯ ವಾಸನೆ ತುಸು ಏಳುವುದು. ಅದೇ ಗಂಧಕದ ನಿರ್ಗಮನ. ಕೆಲವು ನಿಮಿಷಗಳಲ್ಲಿ ಕಪ್ಪು ಕಳೆದು, ಬೆಳ್ಳಿಯ ಬಹುಭಾಗವು ಪಾತ್ರೆಯ ಮೇಲೆಯೇ ಉಳಿಯುತ್ತದೆ. ಬಳಿಕ ಶುದ್ಧಜಲದಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು.

ಈ ವಿಧಾನಕ್ಕೂ ಮಿತಿಯುಂಟು. ಮರಳಿದ ಬೆಳ್ಳಿಯು ಮೊದಲಿನಷ್ಟು ನುಣುಪಾಗಿ ಕೂರುವುದಿಲ್ಲ. ಹೊಳಪು ಕೊಂಚ ಮಂಕು. ಹಿಡಿಯಲ್ಲಿ ದಂತದ ಬಳೆ, ಮರ, ಅರಗುಗಳಿರುವ ಪಾತ್ರೆಗಳನ್ನು ಬಿಸಿನೀರಿನಲ್ಲಿ ಮುಳುಗಿಸಬಾರದು. ಕೆತ್ತನೆಯ ಸಂದುಗಳಲ್ಲಿ ಕುಶಲಿಯು ಬೇಕೆಂದೇ ಉಳಿಸಿದ ಕಪ್ಪೂ ಇದರಿಂದ ಅಳಿಯುತ್ತದೆ. ಷೆಫೀಲ್ಡಿನ ಪ್ರಾಚೀನ ಪಾತ್ರೆಗೆ ಸೋಪಿನ ನೀರೂ ಮೆತ್ತನೆಯ ಬಟ್ಟೆಯೂ ಹೆಚ್ಚು ಕ್ಷೇಮ.

ಎಲ್ಕಿಂಗ್ಟನ್ನರು ಲೇಪವನ್ನು ಕೂರಿಸಿದ ವಿದ್ಯುತ್ತೇ, ಅಡಿಗೆಮನೆಯ ತೊಟ್ಟಿಯಲ್ಲಿ ಎರಡು ಲೋಹಗಳ ಸ್ಪರ್ಶದಿಂದ ಹುಟ್ಟಿ, ಆ ಲೇಪವನ್ನು ಕಾಯುತ್ತದೆ. ತೋಳ್ಬಲವು ನೂರು ವರ್ಷ ಸವೆಸಿದ್ದನ್ನು ಒಂದು ಹಿಡಿ ಸೋಡವು ಮರಳಿ ತಾರದು, ಉಳಿದಿರುವುದನ್ನು ಉಳಿಸಬಲ್ಲದು.