ಮಜಲ್‌ಲೋಡರ್ ಗುಂಡಿನ ಅರಳುವಿಕೆ ಪರೀಕ್ಷೆ

ನಳಿಗೆಯ ಬಾಯಿಯಿಂದಲೇ ಮದ್ದುಗುಂಡು ತುಂಬುವ ಕೋವಿಯ ಸೀಸದ ಗುಂಡು ಬೇರೆ ಬೇರೆ ವೇಗಗಳಲ್ಲಿ ಗುರಿಗೆ ಬಡಿದಾಗ ಎಷ್ಟು ಅರಳುತ್ತದೆ, ಎಷ್ಟು ಆಳ ಇಳಿಯುತ್ತದೆ ಎಂದು ಅಳೆಯುವ ಪ್ರಯೋಗ. ಮಲೆನಾಡಿನ ಕೇಪಿನ ಕೋವಿ ಇದೇ ಜಾತಿಯದು. ಪರೀಕ್ಷೆಯ ರೂಢಿ ಮಾತ್ರ ಇಂಥ ಕೋವಿಗಳಿಗೆಂದೇ ಪ್ರತ್ಯೇಕ ಬೇಟೆ ಋತುವಿರುವ ಅಮೆರಿಕದಲ್ಲಿ ಹೆಚ್ಚು.

ಗುರಿಯಾಗಿ ಸಾಮಾನ್ಯವಾಗಿ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಶೇ. 10ರ ಜೆಲಟಿನ್ ಅಚ್ಚನ್ನು ಇಡುತ್ತಾರೆ. ನೀರು ತುಂಬಿದ ಕ್ಯಾನುಗಳ ಸಾಲೂ ಬಳಕೆಯಲ್ಲಿದೆ, ಆದರೆ ಅದು ಒಂದು ಗುಂಡನ್ನು ಇನ್ನೊಂದಕ್ಕೆ ಹೋಲಿಸಲಷ್ಟೇ ಸರಿ. ದೂರದ ಹೊಡೆತದ ವೇಗ ಬೇಕಾದಾಗ ಗುರಿಯನ್ನು ದೂರ ಸರಿಸುವ ಬದಲು ಮದ್ದು ಕಡಿಮೆ ಮಾಡಿ ಹತ್ತಿರದಿಂದಲೇ ಹೊಡೆದು, ಕ್ರೋನೋಗ್ರಾಫ್‌ನಲ್ಲಿ ವೇಗ ಓದುವುದುಂಟು. ಜಾಣ ಉಪಾಯವೇ, ಆದರೆ ಆಗ ಗುಂಡು ಗಿರಗಿರನೆ ತಿರುಗುವ ವೇಗವೂ ಇಳಿಯುತ್ತದೆ, ನಿಜವಾದ ದೂರದ ಹೊಡೆತದಲ್ಲಿ ಅದು ಅಷ್ಟು ಇಳಿಯದು.

ಶುದ್ಧ ಸೀಸ ಮೆದು. ಸೆಕೆಂಡಿಗೆ 300 ಮೀಟರ್ ಆಸುಪಾಸಿನಲ್ಲೂ ಅಣಬೆಯಂತೆ ಅರಳಬಲ್ಲದು. ತವರ, ಆಂಟಿಮನಿ ಬೆರೆತರೆ ಗಡುಸಾಗಿ ಹೆಚ್ಚು ವೇಗ ಬೇಡುತ್ತದೆ. ವೇಗ ಏರಿದರೆ ಆಳವೂ ಏರಬೇಕೆಂದಿಲ್ಲ: ಅಗಲವಾದ ಗುಂಡಿಗೆ ತಡೆ ಹೆಚ್ಚು, ಚೂರಾದರಂತೂ ಆಳ ಇನ್ನೂ ಕಡಿಮೆ. ವ್ಯಾಸದ ಜೊತೆಗೆ ಉಳಿದ ತೂಕವನ್ನೂ ದಾಖಲಿಸದ ಪರೀಕ್ಷೆ ಅರ್ಧ ಪರೀಕ್ಷೆ.